ಸಂಜೆ ಟಿಕೆಟ್ ಸಾಕಾ, ಇಡೀ ದಿನದ್ದೇ ಬೇಕಾ? ಟೋಕಿಯೊ ಡಿಸ್ನಿಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಊರಿಂದ ಯಾರಾದರೂ ಟೋಕಿಯೊಗೆ ಬರುತ್ತಾರೆ ಅಂದರೆ ಎರಡು ಪ್ರಶ್ನೆ ಗ್ಯಾರಂಟಿ. ಅಲ್ಲಿ ವೆಜ್ ಊಟ ಸಿಗುತ್ತಾ? ಡಿಸ್ನಿಗೆ ಸಂಜೆ ಟಿಕೆಟ್ ಅಗ್ಗ ಅಂತೆ, ಅದನ್ನೇ ತಗೊಂಡರೆ ಸಾಕಾ? ಮೊದಲನೆಯದಕ್ಕೆ ಉತ್ತರ ಮುಂದೆ ಬರುತ್ತದೆ. ಎರಡನೆಯದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಕೂತು ಸ್ವಲ್ಪ ಲೆಕ್ಕ ಹಾಕಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಜೆ ಟಿಕೆಟ್‌ನಲ್ಲಿ ನಿಮಗೆ ಸಿಗುವುದು ದೀಪ, ರಾತ್ರಿ ಪರೇಡ್ ಅಥವಾ ನೀರಿನ ಮೇಲಿನ ಶೋ, ಜೊತೆಗೆ ಮೂರೋ ನಾಲ್ಕೋ ರೈಡ್. ಅಷ್ಟೇ ಬೇಕು ಅನ್ನುವವರಿಗೆ ಇದರಷ್ಟು ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ. ರೈಡ್ ಮೇಲೆ ರೈಡ್ ಹತ್ತಬೇಕು ಅನ್ನುವವರಿಗೆ ಅದು ಅಗ್ಗಕ್ಕೆ ಸಿಕ್ಕಿತು ಅಂತ ಮುಗ್ಗಿದ ಜೋಳ ತಂದ ಹಾಗೆ. ಇನ್ನು ಚಿಕ್ಕ ಮಕ್ಕಳಿರುವವರಿಗೆ ಬೇರೆಯೇ ಒಂದು ಲೆಕ್ಕವಿದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ.

ಹಂತ 1: ಯಾವ ಟಿಕೆಟ್, ಎಷ್ಟು ಹೊತ್ತಿಗೆ

ಟೋಕಿಯೊ ಡಿಸ್ನಿ ರೆಸಾರ್ಟ್ ಇರುವುದು ಟೋಕಿಯೊದಲ್ಲಲ್ಲ, ಪಕ್ಕದ ಚೀಬಾ ಪ್ರಾಂತ್ಯದ ಉರಾಯಾಸುನಲ್ಲಿ. ಒಳಗೆ ಎರಡು ಪಾರ್ಕ್. 1983ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಒಂದು, 2001ರಲ್ಲಿ ಬಂದ ಡಿಸ್ನಿಸೀ ಇನ್ನೊಂದು. ಒಂದು ಟಿಕೆಟ್‌ಗೆ ಒಂದೇ ಪಾರ್ಕ್. ಕೊಳ್ಳುವಾಗಲೇ ದಿನಾಂಕವನ್ನೂ ಪಾರ್ಕನ್ನೂ ಆರಿಸಬೇಕು.

ಸಂಜೆ ಟಿಕೆಟ್‌ನಲ್ಲಿ ಎರಡು ಬಗೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 5ರಿಂದ ಒಳಗೆ ಬಿಡುವುದು ವೀಕ್‌ನೈಟ್ ಪಾಸ್‌ಪೋರ್ಟ್. ಶನಿವಾರ, ಭಾನುವಾರ ಮತ್ತು ಜಪಾನಿನ ಸರ್ಕಾರಿ ರಜೆಗಳಂದು ಮಧ್ಯಾಹ್ನ 3ರಿಂದ ಬಿಡುವುದು ಅರ್ಲಿ ಈವ್ನಿಂಗ್ ಪಾಸ್‌ಪೋರ್ಟ್. ಇಲ್ಲಿ ಪಾಸ್‌ಪೋರ್ಟ್ ಅಂದರೆ ಟಿಕೆಟ್ ಅಷ್ಟೇ, ಗಾಬರಿ ಬೇಡ. ವಾರದ ಮಧ್ಯೆ ರಜೆ ಬಿದ್ದರೆ ಆ ದಿನ ವೀಕ್‌ನೈಟ್ ಸಿಗುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್‌ನಲ್ಲಿ ಬರುವವರು ಇದನ್ನು ಮೊದಲು ನೋಡಿಕೊಳ್ಳಿ. ನಮ್ಮ ಕ್ಯಾಲೆಂಡರ್‌ನಲ್ಲಿ ಮಾಮೂಲಿ ಬುಧವಾರ ಆಗಿರುವುದು ಅಲ್ಲಿ ರಜೆಯಾಗಿರುತ್ತದೆ.

ಹಂತ 2: ದುಡ್ಡಿನ ಲೆಕ್ಕ

ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಪಟ್ಟಿ ಹಿಡಿದು ಹೇಳುತ್ತೇನೆ. ದೊಡ್ಡವರಿಗೆ ಇಡೀ ದಿನದ ಟಿಕೆಟ್ 7,900ರಿಂದ 10,900 ಯೆನ್. ಅರ್ಲಿ ಈವ್ನಿಂಗ್ 6,500ರಿಂದ 8,700. ವೀಕ್‌ನೈಟ್ 4,500ರಿಂದ 6,200. ನೀವು ಹೋಗುವ ದಿನದ ನಿಖರ ದರ ಟೋಕಿಯೊ ಡಿಸ್ನಿ ರೆಸಾರ್ಟ್‌ನ ಆ್ಯಪ್‌ನಲ್ಲೇ ಕಾಣುತ್ತದೆ, ಅದನ್ನೇ ನಂಬಿ. ರೂಪಾಯಿಗೆ ತಿರುಗಿಸಲು ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ತುಸು ಜಾಸ್ತಿ ಅಂತ ಹಿಡಿದರೆ ಸಾಕು.

ಈಗ ಗಂಟೆಗೆ ಎಷ್ಟು ಬೀಳುತ್ತದೆ ನೋಡೋಣ. ಪಾರ್ಕ್ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ಅಂದರೆ 12 ಗಂಟೆ. ಅತಿ ಅಗ್ಗದ ದಿನ ಇಡೀ ದಿನದ ಟಿಕೆಟ್‌ಗೆ ಗಂಟೆಗೆ ಸುಮಾರು 660 ಯೆನ್ ಆಯಿತು. ವೀಕ್‌ನೈಟ್‌ನಲ್ಲಿ ಸಿಗುವುದು 4 ಗಂಟೆ. ಅಲ್ಲಿ ಗಂಟೆಗೆ 1,125. ಅರ್ಲಿ ಈವ್ನಿಂಗ್‌ನಲ್ಲಿ 6 ಗಂಟೆ, ಗಂಟೆಗೆ ಸುಮಾರು 1,080. ರಿಯಾಯಿತಿ ಅಂತ ಹೆಸರು, ಗಂಟೆ ಲೆಕ್ಕದಲ್ಲಿ ನೋಡಿದರೆ ಸಂಜೆಯದೇ ದುಬಾರಿ!

ಹಾಗಂತ ಇದನ್ನು ನೋಡಿ ಸಂಜೆ ಟಿಕೆಟ್ ಬೇಡ ಅಂತ ತೀರ್ಮಾನ ಮಾಡಬೇಡಿ. ಎಲ್ಲ ಗಂಟೆಗಳೂ ಒಂದೇ ಅಲ್ಲ. ಮಧ್ಯಾಹ್ನ 1ರಿಂದ 3ರವರೆಗೆ ಪಾರ್ಕ್‌ನಲ್ಲಿ ಏನಾಗುತ್ತದೆ ಅಂದರೆ, ಜನ ಊಟಕ್ಕೆ ಸಾಲು ನಿಲ್ಲುತ್ತಾರೆ, ಶೌಚಾಲಯಕ್ಕೆ ಸಾಲು ನಿಲ್ಲುತ್ತಾರೆ, ನಿದ್ದೆಗೆ ಜಾರುವ ಮಗುವನ್ನು ಎತ್ತಿಕೊಂಡು ನೆರಳು ಹುಡುಕುತ್ತಾರೆ. ಆ ಎರಡು ಗಂಟೆಗೂ ಟಿಕೆಟ್ ದುಡ್ಡಿನಲ್ಲಿ ಪಾಲಿದೆ. ಸಂಜೆಯ 4 ಗಂಟೆಯಲ್ಲಿ ಅಂಥ ಪೋಲು ಕಡಿಮೆ. ಆದ್ದರಿಂದ ಗಂಟೆ ಎಣಿಸುವುದನ್ನು ಬಿಟ್ಟು, ನಿಮಗೆ ನಿಜವಾಗಿ ಬೇಕಾದದ್ದು ಏನೇನು ಅಂತ ಚೀಟಿ ಬರೆಯಿರಿ. ಅದರಲ್ಲಿ ಎಷ್ಟು ಸಂಜೆ ಸಿಗುತ್ತದೆ ಅಂತ ಗುರುತು ಹಾಕಿ. ಆರರಲ್ಲಿ ನಾಲ್ಕು ಸಿಕ್ಕರೆ ಸಂಜೆ ಟಿಕೆಟ್ ಗೆದ್ದಂತೆ. ಎರಡೇ ಸಿಕ್ಕರೆ ಬಿಡಿ.

ಹಂತ 3: ಮಕ್ಕಳ ಟಿಕೆಟ್‌ನ ಕೊಕ್ಕೆ

ಇದನ್ನು ನಿಧಾನವಾಗಿ ಓದಿ. ಇಡೀ ದಿನದ ಟಿಕೆಟ್‌ನಲ್ಲಿ ವಯಸ್ಸಿಗೆ ತಕ್ಕ ದರ ಇದೆ. 3 ವರ್ಷದವರೆಗೆ ಉಚಿತ. 4ರಿಂದ 11 ವರ್ಷದವರಿಗೆ 4,700ರಿಂದ 5,600 ಯೆನ್. 12ರಿಂದ 17ರವರಿಗೆ 6,600ರಿಂದ 9,000. ಆದರೆ ವೀಕ್‌ನೈಟ್ ಟಿಕೆಟ್‌ಗೆ ಎಲ್ಲರಿಗೂ ಒಂದೇ ದರ. 40 ವರ್ಷದ ಅಪ್ಪನಿಗೂ ಅಷ್ಟೇ, 5 ವರ್ಷದ ಮಗಳಿಗೂ ಅಷ್ಟೇ.

ಎರಡನ್ನೂ ಪಕ್ಕ ಪಕ್ಕ ಇಡಿ. ಅತಿ ಅಗ್ಗದ ದಿನ ಮಗುವಿನ ಇಡೀ ದಿನದ ಟಿಕೆಟ್ 4,700, ಸಂಜೆಯದು 4,500. ಉಳಿತಾಯ ಬರೀ 200 ಯೆನ್, ಕಳೆದುಕೊಂಡದ್ದು 8 ಗಂಟೆ. ಸಂಜೆ ದರ ಮೇಲಿನ ಮಟ್ಟದಲ್ಲಿರುವ ದಿನ ಮಗುವಿಗೆ ಸಂಜೆಯದೇ ಇಡೀ ದಿನಕ್ಕಿಂತ ಜಾಸ್ತಿ ಆಗಬಹುದು.

ಅಪ್ಪ, ಅಮ್ಮ, 8 ವರ್ಷದ ಮಗ, 3 ವರ್ಷದ ಮಗಳು ಇರುವ ಮನೆಯ ಲೆಕ್ಕ ಹೀಗಾಗುತ್ತದೆ. ಅಗ್ಗದ ದಿನ ಇಡೀ ದಿನಕ್ಕೆ ಒಟ್ಟು 20,500. ಸಂಜೆಗೆ 13,500. ಉಳಿದದ್ದು 7,000 ಯೆನ್. ಅದರಲ್ಲಿ 6,800 ದೊಡ್ಡವರಿಬ್ಬರ ಟಿಕೆಟ್‌ನಿಂದಲೇ ಬಂದದ್ದು. ಟಿಕೆಟ್ ಬೇಕಾದ ವಯಸ್ಸಿನ ಇಬ್ಬರು ಮೂವರು ಮಕ್ಕಳಿರುವ ಮನೆಯಲ್ಲಿ ಈ ಉಳಿತಾಯದ ಪಾಲು ಇನ್ನೂ ಸಣ್ಣದಾಗುತ್ತದೆ. ಗಂಡ ಹೆಂಡತಿ ಇಬ್ಬರೇ, ಅಥವಾ ನಾಲ್ಕು ಜನ ಗೆಳೆಯರು ಹೋದರೆ ಮಾತ್ರ ರಿಯಾಯಿತಿ ಪೂರ್ತಿ ಕೈಗೆ ಬರುತ್ತದೆ. ಅರ್ಲಿ ಈವ್ನಿಂಗ್‌ನಲ್ಲಿ ಈ ಕೊಕ್ಕೆ ಇಲ್ಲ, ಅಲ್ಲಿ ಮಕ್ಕಳಿಗೆ ಬೇರೆ ದರ ಇದೆ.

ಹೈಸ್ಕೂಲು, ಪಿಯು ಓದುವ ಮಕ್ಕಳಾದರೆ ಲೆಕ್ಕ ಮತ್ತೆ ತಿರುಗುತ್ತದೆ. 6,600ರ ಜಾಗದಲ್ಲಿ 4,500 ಅಂದರೆ ಒಳ್ಳೆಯ ಇಳಿಕೆಯೇ. ಆದರೆ ಆ ವಯಸ್ಸಿನವರಿಗೇ ರೈಡ್ ಹುಚ್ಚು ಜಾಸ್ತಿ ಅಲ್ವಾ?

ಹಂತ 4: ಸೂರ್ಯ ಮುಳುಗುವ ಹೊತ್ತು ನೋಡಿ

ಟಿಕೆಟ್ ಕೊಳ್ಳುವಾಗ ಹೆಚ್ಚಿನವರು ನೋಡದ ಇನ್ನೊಂದು ಸಂಗತಿ ಇದು. ಟೋಕಿಯೊದಲ್ಲಿ ಡಿಸೆಂಬರ್‌ನಲ್ಲಿ ಸುಮಾರು 4:30ಕ್ಕೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ 7ಕ್ಕೆ. ಬೆಂಗಳೂರಿನಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕತ್ತಲಾಗುವುದನ್ನು ನೋಡಿದ ನಮಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ.

ಡಿಸೆಂಬರ್‌ನಲ್ಲಿ ವೀಕ್‌ನೈಟ್ ತಗೊಂಡು 5ಕ್ಕೆ ಒಳಗೆ ಕಾಲಿಟ್ಟರೆ ಆಗಲೇ ಕತ್ತಲು, ಎಲ್ಲ ದೀಪ ಹೊತ್ತಿರುತ್ತದೆ. 4 ಗಂಟೆಯೂ ರಾತ್ರಿಯ ಪಾರ್ಕ್ ನಿಮ್ಮದು. ಕ್ರಿಸ್‌ಮಸ್ ಅಲಂಕಾರ ಬೇರೆ. ಜೂನ್‌ನಲ್ಲಿ ಅದೇ ಟಿಕೆಟ್‌ಗೆ ಮೊದಲ ಎರಡು ಗಂಟೆ ಬೆಳಕೇ. ಜುಲೈ, ಆಗಸ್ಟ್‌ನಲ್ಲಾದರೆ ವಿಷಯ ಬೇರೆ. ಹಗಲಿನ ಸೆಕೆ ಮಂಗಳೂರಿನವರನ್ನೂ ಸುಸ್ತು ಮಾಡುತ್ತದೆ. ಆಗ ಸಂಜೆ ಟಿಕೆಟ್‌ನ ಬೆಲೆ ಇರುವುದು ದೀಪಕ್ಕಲ್ಲ, ಬಿಸಿಲು ತಪ್ಪಿಸಿಕೊಂಡದ್ದಕ್ಕೆ.

ಚಳಿಗಾಲಕ್ಕೆ ಒಂದು ಎಚ್ಚರಿಕೆ. ಪಾರ್ಕ್ ನಿಂತಿರುವುದು ಟೋಕಿಯೊ ಕೊಲ್ಲಿಯನ್ನು ತುಂಬಿಸಿ ಮಾಡಿದ ನೆಲದ ಮೇಲೆ. ಸಮುದ್ರದ ಗಾಳಿ ನೇರವಾಗಿ ಬೀಸುತ್ತದೆ. ಪರೇಡ್‌ಗಾಗಿ ನೆಲದ ಮೇಲೆ ಒಂದು ಗಂಟೆ ಕೂರುವಾಗ ಸ್ವೆಟರ್ ಒಂದೇ ಸಾಲದು. ಇಲ್ಲಿಯವರು ಅಂಟಿಸಿಕೊಳ್ಳುವ ಬಿಸಿ ಪಟ್ಟಿ ತರುತ್ತಾರೆ, ಕೈರೋ ಅಂತ ಕರೆಯುತ್ತಾರೆ. ಯಾವುದೇ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ಪ್ಯಾಕೆಟ್ ಇಟ್ಟುಕೊಳ್ಳಿ.

ಹಂತ 5: ಯಾವ ಪಾರ್ಕ್

ಸಂಜೆ ಮಾತ್ರ ಹೋಗುವುದಾದರೆ, ಇಬ್ಬರೇ ಹೋಗುವುದಾದರೆ, ನಾನು ಡಿಸ್ನಿಸೀ ಅನ್ನುತ್ತೇನೆ. ಬಂದರಿನ ಸುತ್ತ ಕಟ್ಟಿದ ಪಾರ್ಕ್ ಅದು. ರೈಡ್ ಹತ್ತದೆ ಸುಮ್ನೆ ನಡೆದಾಡಿದರೂ ದುಡ್ಡು ವಸೂಲಿ. ಒಂದು ಕಡೆ ಇಟಲಿಯ ಊರಿನಂಥ ಬೀದಿ, ನೀರಿನಲ್ಲಿ ತೂಗುವ ದೀಪದ ನೆರಳು, ಹಿಂದೆ ಪ್ರೊಮಿಥಿಯಸ್ ಅನ್ನುವ ಕೃತಕ ಜ್ವಾಲಾಮುಖಿ. 2022ರ ನವೆಂಬರ್‌ನಿಂದ ಬಂದರಿನಲ್ಲಿ 'ಬಿಲೀವ್! ಸೀ ಆಫ್ ಡ್ರೀಮ್ಸ್' ಅನ್ನುವ ಸುಮಾರು ಅರ್ಧ ಗಂಟೆಯ ರಾತ್ರಿ ಶೋ ನಡೆಯುತ್ತಿದೆ. ದೋಣಿ, ಬೆಳಕು, ಎದುರಿನ ಹೋಟೆಲ್ ಗೋಡೆಯ ಮೇಲೆ ಚಿತ್ರ, ಎಲ್ಲ ಸೇರಿ.

2024ರ ಜೂನ್‌ನಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್ ಕೂಡ ಡಿಸ್ನಿಸೀಯಲ್ಲೇ ಇದೆ. ಅಲ್ಲಿಯ 'ಫ್ರೋಜನ್' ಸಿನಿಮಾದ ಅನ್ನಾ, ಎಲ್ಸಾ ದೋಣಿ ರೈಡ್‌ಗಾಗಿಯೇ ಬರುವವರಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದರೆ ಸಂಜೆ ಟಿಕೆಟ್ ನಂಬಿಕೊಂಡು ಹೋಗಬೇಡಿ. ಅದರ ಸಾಲು ಸಂಜೆಯೂ ಕರಗುವುದಿಲ್ಲ.

ಮಕ್ಕಳಿದ್ದರೆ ಡಿಸ್ನಿಲ್ಯಾಂಡ್. ಅಲ್ಲಿಯ ಎಲೆಕ್ಟ್ರಿಕಲ್ ಪರೇಡ್ ಡ್ರೀಮ್‌ಲೈಟ್ಸ್ ಸುಮಾರು 45 ನಿಮಿಷ ಸಾಗುತ್ತದೆ. ಬಣ್ಣದ ದೀಪ ತುಂಬಿಕೊಂಡ ರಥದಂಥ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ. ನಾಲ್ಕು ವರ್ಷದ ಮಗುವೂ ನೋಡುತ್ತದೆ, ಅಜ್ಜಿಯೂ ನೋಡುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಅವರಿಗೆ ರೋಲರ್ ಕೋಸ್ಟರ್ ಬೇಡ, ಇಡೀ ದಿನ ನಡೆಯಲೂ ಆಗುವುದಿಲ್ಲ. ಸಂಜೆ 5ಕ್ಕೆ ಹೋಗಿ, ಪೈರೇಟ್ಸ್ ಆಫ್ ದ ಕೆರಿಬಿಯನ್ ಅನ್ನುವ ದೋಣಿ ರೈಡ್‌ನಲ್ಲಿ ಒಂದು ಸುತ್ತು ಹಾಕಿಸಿ, ಪರೇಡ್ ತೋರಿಸಿ ಕರೆತನ್ನಿ. ಅವರ ಮಟ್ಟಿಗೆ ಇಡೀ ದಿನದ ಟಿಕೆಟ್ ಶುದ್ಧ ದಂಡ.

8:30ರ ಸುಮಾರಿಗೆ ಪಟಾಕಿ ಪ್ರದರ್ಶನವೂ ಇರುತ್ತದೆ. ಐದೇ ನಿಮಿಷ. ಗಾಳಿ ಜೋರಾಗಿದ್ದರೆ ರದ್ದು. ಅದನ್ನೇ ನಂಬಿ ಟಿಕೆಟ್ ಕೊಳ್ಳಬೇಡಿ.

ಹಂತ 6: ಯಾವಾಗ ಕೊಳ್ಳಬೇಕು

ಎರಡು ತಿಂಗಳ ಮುಂಚೆ, ಜಪಾನ್ ಸಮಯ ಮಧ್ಯಾಹ್ನ 2ಕ್ಕೆ ಆಯಾ ದಿನದ ಟಿಕೆಟ್ ಬಿಡುಗಡೆ ಆಗುತ್ತದೆ. ಭಾರತದಲ್ಲಿ ಆಗ ಬೆಳಿಗ್ಗೆ 10:30. ಕೊಂಡ ಟಿಕೆಟ್‌ಗೆ ದುಡ್ಡು ವಾಪಸ್ ಬರುವುದಿಲ್ಲ. ದಿನಾಂಕ ಬದಲಿಸಬಹುದು, ದರದ ವ್ಯತ್ಯಾಸ ಕಟ್ಟಬೇಕು.

ಇಲ್ಲೇ ಸಂಜೆ ಟಿಕೆಟ್‌ನ ನಿಜವಾದ ಅನುಕೂಲ ಇರುವುದು. ಇಡೀ ದಿನದ ಟಿಕೆಟ್ ಕೊಂಡವರು ಬೆಳಿಗ್ಗೆ ಎದ್ದು ಮಳೆ ಸುರಿಯುತ್ತಿದ್ದರೂ ಹೋಗಬೇಕು, ಇಲ್ಲವಾದರೆ ದಿನಾಂಕ ಬದಲಿಸುವ ತಲೆನೋವು. ಸಂಜೆಯವರು ಮಧ್ಯಾಹ್ನ 3ಕ್ಕೆ ಆಕಾಶ ನೋಡಿ, ಮೊಬೈಲ್‌ನಲ್ಲಿ ಹವಾಮಾನ ನೋಡಿ, ಆಮೇಲೆ ಕೊಳ್ಳಬಹುದು. ಸಾಧಾರಣ ವಾರದ ದಿನಗಳಲ್ಲಿ ಅದೇ ದಿನ ಸಂಜೆ ಟಿಕೆಟ್ ಸಿಗುವುದು ಅಪರೂಪವೇನಲ್ಲ. ಕ್ರಿಸ್‌ಮಸ್ ವಾರ, ಹ್ಯಾಲೋವೀನ್ ಸೀಸನ್, ಶಾಲೆಗಳಿಗೆ ರಜೆ ಇರುವ ಮಾರ್ಚ್ ಕೊನೆ, ಇಂಥ ದಿನಗಳಿಗೆ ಮಾತ್ರ ಮುಂಚೆಯೇ ಕೊಂಡಿಡಿ.

ಮಳೆ ಯಾಕೆ ಇಷ್ಟು ಮುಖ್ಯ ಅಂದರೆ, ಮಳೆ ಬಂದರೆ ಎಲೆಕ್ಟ್ರಿಕಲ್ ಪರೇಡ್ ಇಲ್ಲ. ಬದಲಿಗೆ ಮಳೆ ಬಂದಾಗ ನಡೆಸುವ ನೈಟ್‌ಫಾಲ್ ಗ್ಲೋ ಅನ್ನುವ ಚಿಕ್ಕ ಪರೇಡ್ ಬರುತ್ತದೆ. ಚೆನ್ನಾಗಿಯೇ ಇದೆ, ಆದರೆ ಅದು ಬೇಗ ಮುಗಿದುಹೋಗುತ್ತದೆ. ಮಳೆ ಜೋರಾದರೆ ಅದೂ ಇಲ್ಲ. ಡಿಸ್ನಿಸೀ ಶೋಗೆ ಗಾಳಿಯೂ ಶತ್ರು. ಇಡೀ ದಿನದವರಿಗೆ ಪರೇಡ್ ಹೋದರೆ ಒಂದು ಐಟಂ ಹೋಯಿತು ಅಷ್ಟೇ. ಸಂಜೆಯವರಿಗೆ ಅರ್ಧ ಸಂಜೆಯೇ ಹೋದಂತೆ. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಇಲ್ಲಿ ಮಳೆಗಾಲ. ಆಗ ಎರಡು ತಿಂಗಳ ಮುಂಚೆ ಸಂಜೆ ಟಿಕೆಟ್ ಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ದುಡ್ಡು ಕಟ್ಟುವಾಗ ಒಂದು ಮಾತು. ಭಾರತದ ಕ್ರೆಡಿಟ್ ಕಾರ್ಡ್ ಕೆಲವು ಸಲ ಪಾವತಿಯ ಕೊನೇ ಪುಟದಲ್ಲಿ ಕೈಕೊಡುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ತೆರೆದಿದೆಯೇ ನೋಡಿ, ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಇರಲಿ, ಎರಡನೇ ಕಾರ್ಡ್ ಒಂದು ಕೈಯಲ್ಲಿರಲಿ. 3 ಗಂಟೆಗೆ ಟಿಕೆಟ್ ಕೊಳ್ಳಲು ಕೂತು 5ರವರೆಗೂ ಒಟಿಪಿಗೆ ಕಾಯುವ ಪಾಡು ಬೇಡ.

ಹಂತ 7: ಪ್ರವಾಸದ ಯಾವ ದಿನಕ್ಕೆ ಹಾಕಬೇಕು

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಬಂದ ಹೊಸದರಲ್ಲಿ ಬೆಳಿಗ್ಗೆ 8ಕ್ಕೆ ಪಾರ್ಕ್ ಬಾಗಿಲಲ್ಲಿ ನಿಲ್ಲಬೇಕು ಅಂದರೆ ನಿಮ್ಮ ಮೈಗೆ ಅದು ಬೆಳಗಿನ ಜಾವ 4:30. ಮಕ್ಕಳು ಏಳುವುದಿಲ್ಲ, ಎದ್ದರೂ ಹಠ. ಅದೇ ರಾತ್ರಿ 9 ಅಂದರೆ ಮೈಗೆ ಸಂಜೆ ಐದೂವರೆ. ಉತ್ಸಾಹ ಇನ್ನೂ ಇಳಿದಿರುವುದಿಲ್ಲ. ಹಾಗಾಗಿ ಭಾರತದಿಂದ ಬಂದವರಿಗೆ ಮೊದಲ ಎರಡು ಮೂರು ದಿನ ಸಂಜೆ ಟಿಕೆಟ್ ಹೇಳಿ ಮಾಡಿಸಿದಂತೆ ಇದೆ. ಅಮೆರಿಕದಿಂದ ಬರುವ ನಮ್ಮವರಿಗೆ ಇದು ತಲೆಕೆಳಗು. ಅವರಿಗೆ ನಸುಕಿಗೇ ಎಚ್ಚರ, ಸಂಜೆಗೆ ತೂಕಡಿಕೆ.

ಬೆಂಗಳೂರಿನಿಂದ ಟೋಕಿಯೊ ಬಳಿಯ ನರೀಟಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಹಾಗಂತ ಇಳಿದ ದಿನವೇ ಪಾರ್ಕ್‌ಗೆ ಹೋಗುವ ಸಾಹಸ ಬೇಡ. ಒಂದು ರಾತ್ರಿ ಮಲಗಿ. ಮರುದಿನ ಬೆಳಿಗ್ಗೆ ಅಸಾಕುಸಾ ದೇವಸ್ಥಾನ, ಮಧ್ಯಾಹ್ನ ರೂಮಿಗೆ ಬಂದು ಒಂದು ನಿದ್ದೆ, ಸಂಜೆ ಡಿಸ್ನಿ. ಒಂದೇ ದಿನದಲ್ಲಿ ಎರಡು ಕೆಲಸ ಆಯಿತು. ಇಡೀ ದಿನದ ಟಿಕೆಟ್ ಕೊಂಡಿದ್ದರೆ ಅಸಾಕುಸಾಗೆ ಇನ್ನೊಂದು ದಿನ, ಇನ್ನೊಂದು ರಾತ್ರಿಯ ಹೋಟೆಲ್ ಬಾಡಿಗೆ. ಟೋಕಿಯೊ ಹೋಟೆಲ್ ದರ ನೋಡಿದವರಿಗೆ ಈ ಉಳಿತಾಯ ಟಿಕೆಟ್ ರಿಯಾಯಿತಿಗಿಂತ ದೊಡ್ಡದು ಅಂತ ಗೊತ್ತಾಗುತ್ತದೆ.

ಹಂತ 8: ಬಾಗಿಲಿಗೆ ಮುಟ್ಟುವುದು

ಟೋಕಿಯೊ ಸ್ಟೇಷನ್‌ನಿಂದ ಜೆಆರ್ ಕೇಯೋ ಲೈನ್ ರೈಲು ಹಿಡಿದರೆ ಪಾರ್ಕ್ ಪಕ್ಕದ ಮೈಹಾಮ ಸ್ಟೇಷನ್‌ಗೆ ಸುಮಾರು 15 ನಿಮಿಷ. ಆದರೆ ಟೋಕಿಯೊ ಸ್ಟೇಷನ್‌ನಲ್ಲಿ ಕೇಯೋ ಲೈನ್ ಪ್ಲಾಟ್‌ಫಾರ್ಮ್ ತೀರಾ ದೂರದಲ್ಲಿ, ನೆಲದಡಿಯಲ್ಲಿದೆ. ಬೇರೆ ರೈಲಿನಿಂದ ಇಳಿದು ಅಲ್ಲಿಗೆ ನಡೆಯಲು ಹತ್ತು ನಿಮಿಷಕ್ಕೂ ಜಾಸ್ತಿ ಬೇಕು. ನಕ್ಷೆಯಲ್ಲಿ 15 ನಿಮಿಷ ಅಂತ ತೋರಿಸಿದರೆ ಮನಸ್ಸಿನಲ್ಲಿ 30 ಅಂತ ಓದಿಕೊಳ್ಳಿ. 4 ಗಂಟೆಯ ಟಿಕೆಟ್‌ನಲ್ಲಿ ಅರ್ಧ ಗಂಟೆ ಅಂದರೆ ಎಂಟನೇ ಒಂದು ಪಾಲು.

ನಿಶಿಕಸಾಯ್ ಸುತ್ತಮುತ್ತ ನೆಂಟರ ಮನೆಯಲ್ಲಿ ಉಳಿದುಕೊಂಡವರು ಅದೃಷ್ಟವಂತರು. ಟೋಕಿಯೊದಲ್ಲಿ ಭಾರತೀಯರು ಅತಿ ಹೆಚ್ಚು ಇರುವ ಜಾಗ ಅದು, ಪಾರ್ಕ್‌ಗೆ ಹತ್ತಿರ. ಪಕ್ಕದ ಕಸಾಯ್ ಸ್ಟೇಷನ್‌ನಿಂದ ಶಟಲ್ ಸೆವೆನ್ ಅನ್ನುವ ಬಸ್ ನೇರ ಡಿಸ್ನಿ ರೆಸಾರ್ಟ್‌ಗೇ ಹೋಗುತ್ತದೆ. ಟೋಕಿಯೊ ಸ್ಟೇಷನ್‌ನ ಓಡಾಟ ಬೇಡವೇ ಬೇಡ. ಅಲ್ಲಿ ವಾಸವಾಗಿರುವವರಿಗೆ ಸಂಜೆ ಟಿಕೆಟ್ ಅಂದರೆ ಆಫೀಸು ಮುಗಿಸಿ ಹೋಗುವ ಮಾತು. ಇಡೀ ದಿನದ್ದು ಒಮ್ಮೆ ಮಾಡಿ ಮುಗಿಸಿದ ಮೇಲೆ ಅವರಿಗೆ ಇದೇ ಸರಿ.

ಮೈಹಾಮದಲ್ಲಿ ಇಳಿದರೆ ಡಿಸ್ನಿಲ್ಯಾಂಡ್ ನಡೆಯುವ ದೂರ. ಡಿಸ್ನಿಸೀಗೆ ಮೋನೊರೈಲು, ಅದಕ್ಕೆ ಪ್ರತ್ಯೇಕ ಟಿಕೆಟ್. ವೀಕ್‌ನೈಟ್‌ನವರು 4:30ಕ್ಕೆ ಬಾಗಿಲ ಬಳಿ ಇರಿ. ಬ್ಯಾಗ್ ತಪಾಸಣೆಗೆ ಒಂದು ಸಾಲು, ಟಿಕೆಟ್ ತೋರಿಸಲು ಇನ್ನೊಂದು ಸಾಲು. 5ಕ್ಕೆ ಬಾಗಿಲಿಗೆ ಹೋದರಾಯಿತು ಅಂದುಕೊಂಡವರು 5:40ಕ್ಕೆ ಒಳಗೆ ಬರುತ್ತಾರೆ.

ಹೊಟ್ಟೆಯ ವಿಷಯ ಇಲ್ಲೇ ಮುಗಿಸಿ. ಪಾರ್ಕ್ ಒಳಗೆ ಶುದ್ಧ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಜಪಾನಿನಲ್ಲಿ ಸಾರು, ಸಾಸ್‌ಗಳಲ್ಲಿ ಮೀನಿನ ರಸ ಸೇರಿರುವುದು ಮಾಮೂಲಿ. ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಸಮಯ ಹೋಗುತ್ತದೆ, ಸಂಜೆಯವರಿಗೆ ಇಲ್ಲದ್ದೇ ಸಮಯ. ಹೊರಗಿನ ಊಟ ಒಳಗೆ ತರುವಂತಿಲ್ಲ, ಆದರೆ ಬಾಗಿಲ ಹೊರಗೆ ಬುತ್ತಿ ಬಿಚ್ಚಿ ತಿನ್ನಲು ಪಿಕ್ನಿಕ್ ಜಾಗ ಇದೆ. ಚಪಾತಿ, ಚಿತ್ರಾನ್ನ, ಮೊಸರನ್ನ ಏನಿದ್ದರೂ 4 ಗಂಟೆಗೆ ಅಲ್ಲಿ ಮುಗಿಸಿ. ಒಳಗೆ ಪಾಪ್‌ಕಾರ್ನ್ ಸಾಕು.

ಹಂತ 9: ಆ 4 ಗಂಟೆ ಹೇಗೆ ಕಳೆಯಬೇಕು

ಡಿಸ್ನಿಲ್ಯಾಂಡ್, ಚಳಿಗಾಲದ ಒಂದು ವಾರದ ದಿನ ಅಂತ ಇಟ್ಟುಕೊಳ್ಳಿ.

ಒಳಗೆ ಬಂದ ಕೂಡಲೇ ವರ್ಲ್ಡ್ ಬಜಾರ್ ಅಂಗಡಿ ಸಾಲು. ಅಲ್ಲಿ ನಿಲ್ಲಬೇಡಿ. ಮಕ್ಕಳ ಕೈ ಹಿಡಿದು ದಾಟಿಸಿ. ಖರೀದಿಯೇ ಮುಖ್ಯ ಅನ್ನುವವರು ಟಿಕೆಟ್ಟೇ ಕೊಳ್ಳಬೇಕಿಲ್ಲ. ಮೈಹಾಮ ಸ್ಟೇಷನ್ ಪಕ್ಕದ ಬಾನ್ ವಾಯೇಜ್ ಅಂಗಡಿಯಲ್ಲಿ ಡಿಸ್ನಿ ಸಾಮಾನು ಸಿಗುತ್ತದೆ, ಇಕ್ಸ್‌ಪಿಯಾರಿ ಮಾಲ್ ಕೂಡ ಅಲ್ಲೇ ಇದೆ. ಎರಡಕ್ಕೂ ಪ್ರವೇಶ ಉಚಿತ.

ಆ್ಯಪ್ ತೆರೆಯಿರಿ. ಪ್ರತಿ ರೈಡ್‌ನ ಕಾಯುವ ಸಮಯ ಅದರಲ್ಲಿ ಬರುತ್ತದೆ. ಸಾಲು ತಪ್ಪಿಸುವ ಉಚಿತ ಪ್ರಯಾರಿಟಿ ಪಾಸ್ ಇದ್ದರೂ ಸಂಜೆ ಹೊತ್ತಿಗೆ ಸಾಮಾನ್ಯವಾಗಿ ಖಾಲಿ ಆಗಿರುತ್ತದೆ, ಅದರ ಆಸೆ ಬಿಡಿ. ದುಡ್ಡು ಕೊಟ್ಟು ಸಾಲು ತಪ್ಪಿಸುವ ಪ್ರೀಮಿಯರ್ ಆಕ್ಸೆಸ್ ಉಳಿದಿರಬಹುದು. ಒಂದು ರೈಡ್‌ಗೆ ತಲೆಗೆ 1,500ರಿಂದ 2,500 ಯೆನ್. ಇಲ್ಲಿ ಕೈ ಬಿಗಿ ಹಿಡಿಯಿರಿ. 4,500ರ ಟಿಕೆಟ್‌ಗೆ 2,000ದ ಎರಡು ಆಕ್ಸೆಸ್ ಸೇರಿಸಿದರೆ 8,500 ಆಯಿತು. ಇಡೀ ದಿನದ ಟಿಕೆಟ್‌ನ ಕೆಳಗಿನ ದರವನ್ನೇ ದಾಟಿತು! ಬ್ಯೂಟಿ ಆ್ಯಂಡ್ ದ ಬೀಸ್ಟ್ ರೈಡ್ ಒಂದಕ್ಕೆ ಬೇಕಾದರೆ ಕೊಳ್ಳಿ, ಅದರ ಮೇಲೆ ಬೇಡ.

ಮೊದಲ ಗಂಟೆಯಲ್ಲಿ ಸಾಲು ಚಿಕ್ಕದಿರುವ ದೊಡ್ಡ ರೈಡ್‌ಗಳನ್ನು ಮುಗಿಸಿ. ಪೈರೇಟ್ಸ್ ಆಫ್ ದ ಕೆರಿಬಿಯನ್ ಬೇಗ ಬೇಗ ಜನರನ್ನು ತುಂಬಿಕೊಳ್ಳುತ್ತದೆ, ಎಡಗಡೆ ಹತ್ತಿರದಲ್ಲೇ ಇದೆ. ಅಲ್ಲಿಂದ ಮುಂದೆ ಬಿಗ್ ಥಂಡರ್ ಮೌಂಟನ್. ರಾತ್ರಿ ಆ ಗಣಿ ರೈಲಿನ ಮಜವೇ ಬೇರೆ, ಬಂಡೆ ಯಾವ ಕಡೆಯಿಂದ ಬರುತ್ತದೆ ಅಂತ ಕಾಣುವುದಿಲ್ಲ. 102 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳನ್ನು ಹತ್ತಿಸುವುದಿಲ್ಲ. ಮನೆಯಲ್ಲೇ ಅಳೆದುಕೊಂಡು ಬನ್ನಿ, ಸಾಲಿನ ತುದಿಯಲ್ಲಿ ಅಳು ಕೇಳುವುದು ಕಷ್ಟ.

ಆಮೇಲೆ ಒಂದು ನಿರ್ಧಾರ. ಪರೇಡ್ ನೋಡುವುದೋ, ಆ ಹೊತ್ತಿನಲ್ಲಿ ರೈಡ್ ಹತ್ತುವುದೋ? ಪರೇಡ್‌ಗೆ ಒಂದು ಗಂಟೆ ಮುಂಚೆಯಿಂದ ನೆಲಕ್ಕೆ ಶೀಟ್ ಹಾಸಿ ಕೂರಬಹುದು, ಅದಕ್ಕೂ ಮುಂಚೆ ಬಿಡುವುದಿಲ್ಲ. ಒಂದು ಗಂಟೆ ಕೂತು 45 ನಿಮಿಷ ನೋಡಿದರೆ ನಿಮ್ಮ 4 ಗಂಟೆಯಲ್ಲಿ ಅರ್ಧದ ಹತ್ತಿರ ಹೋಯಿತು. ಮೊದಲ ಸಲ ಬಂದವರು ಪರೇಡ್ ಬಿಡಬೇಡಿ, ಆದರೆ ಕೋಟೆಯ ಎದುರು ಕೂರುವ ಹಟವೂ ಬೇಡ. ಮೆರವಣಿಗೆ ಕೊನೆಯಾಗುವ ಟೂನ್‌ಟೌನ್ ಕಡೆ ಹೋದರೆ ಜನ ಕಡಿಮೆ, ಪರೇಡ್ ಅಲ್ಲಿಗೆ ಮುಟ್ಟುವುದೂ ತಡವಾಗಿ. ಒಬ್ಬರು ಮಕ್ಕಳ ಜೊತೆ ಕೂತರೆ ಇನ್ನೊಬ್ಬರು ಒಂದು ರೈಡ್ ಮುಗಿಸಿ ಬರಬಹುದು. ಈಗಾಗಲೇ ಪರೇಡ್ ನೋಡಿದವರಿಗೆ ಆ 45 ನಿಮಿಷ ಬಂಗಾರ. ಜನರೆಲ್ಲ ದಾರಿ ಬದಿಯಲ್ಲಿ ಕೂತಿರುತ್ತಾರೆ, ಸಾಲುಗಳು ಕಣ್ಣೆದುರೇ ಇಳಿಯುತ್ತವೆ.

8:30 ಆದ ಮೇಲೆ ಒಂದು ಸಣ್ಣ ಉಪಾಯ. ಮುಚ್ಚುವ ಹೊತ್ತಿಗೆ ಮುಂಚೆ ಸಾಲಿಗೆ ಸೇರಿದವರನ್ನು ಸಾಮಾನ್ಯವಾಗಿ ಹತ್ತಿಸಿಯೇ ಕಳಿಸುತ್ತಾರೆ. ನಿಮಗೆ ಬಹಳ ಬೇಕಾದ, ಸಾಲು ಉದ್ದವಿರುವ ಒಂದು ರೈಡನ್ನು ಕೊನೆಗೆ ಇಟ್ಟುಕೊಂಡು 8:45ಕ್ಕೆ ಅದರ ಸಾಲಿನಲ್ಲಿ ನಿಲ್ಲಿ. ಕಾಯುವ ಸಮಯ ನಿಮ್ಮ 4 ಗಂಟೆಯಿಂದ ಕಳೆಯುವುದಿಲ್ಲ. ಕೆಲವು ರೈಡ್‌ಗಳ ಸಾಲು ಮೊದಲೇ ಮುಚ್ಚುವುದುಂಟು, ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಇದರಿಂದ ಇನ್ನೊಂದು ಲಾಭ, ರೈಡ್ ಮುಗಿಸಿ ಬರುವ ಹೊತ್ತಿಗೆ ಸ್ಟೇಷನ್ ಕಡೆಗಿನ ಮೊದಲ ನೂಕುನುಗ್ಗಲು ಇಳಿದಿರುತ್ತದೆ. ಕೇಯೋ ಲೈನ್ ಮಧ್ಯರಾತ್ರಿ ಸುಮಾರಿನವರೆಗೂ ಇದೆ. ಗಾಳಿ ಜೋರಿದ್ದರೆ ಮಾತ್ರ ಈ ಲೈನ್ ನಿಲ್ಲುವುದುಂಟು, ಆಗ ಬಸ್ ನೋಡಿ.

ಬೇರೆ ಪಾರ್ಕ್‌ಗಳಿಗೂ ಇದೇ ಲೆಕ್ಕ ಹಾಕುವವರಿಗೆ

ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಮಧ್ಯಾಹ್ನ 3ರಿಂದ ಟ್ವೈಲೈಟ್ ಪಾಸ್ ಇದೆ. ಅಲ್ಲಿ ಪಾರ್ಕ್ ಮುಚ್ಚುವ ವೇಳೆ ದಿನಕ್ಕೊಂದು. ಬೇಗ ಮುಚ್ಚುವ ದಿನ ಟ್ವೈಲೈಟ್ ಕೊಂಡರೆ ಕೈಗೆ ಬರುವ ಗಂಟೆ ತೀರಾ ಕಡಿಮೆ. ಟಿಕೆಟ್ ದರಕ್ಕಿಂತ ಮೊದಲು ಮುಚ್ಚುವ ವೇಳೆ ನೋಡಿ. ಫ್ಯೂಜಿಕ್ಯೂ ಹೈಲ್ಯಾಂಡ್‌ನಲ್ಲಿ 2018ರಿಂದ ಪ್ರವೇಶವೇ ಉಚಿತ, ರೈಡ್‌ಗೆ ಮಾತ್ರ ದುಡ್ಡು. ಅಲ್ಲಿ ಎರಡೇ ಕೋಸ್ಟರ್ ಸಾಕು ಅನ್ನುವವರಿಗೆ ಬಿಡಿ ಬಿಡಿಯಾಗಿ ಕೊಳ್ಳುವುದೇ ಮೇಲು.

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯಲ್ಲಿ ಸಂಜೆಯ ಹೆಸರಿನಲ್ಲಿ ಮಾರುವುದೆಲ್ಲ ರಿಯಾಯಿತಿ ಅಲ್ಲ. ಆಫ್ಟರ್ ಅವರ್ಸ್, ಹ್ಯಾಲೋವೀನ್ ಪಾರ್ಟಿ ಇಂಥವು ಜನ ಕಡಿಮೆ ಇರಲಿ ಅಂತಲೇ ಬೇರೆ ದರಕ್ಕೆ ಮಾರುವ ವಿಶೇಷ ಟಿಕೆಟ್‌ಗಳು. ಹೆಸರು ನೋಡಿ ಅಗ್ಗ ಅಂದುಕೊಳ್ಳಬೇಡಿ.

ನಮ್ಮ ಬಿಡದಿಯ ವಂಡರ್‌ಲಾ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೋ 7ಕ್ಕೋ ಮುಚ್ಚುತ್ತದೆ. ಅದರ ಅರ್ಧ ಆಕರ್ಷಣೆ ನೀರಿನಾಟ, ಅದಕ್ಕೆ ಬಿಸಿಲೇ ಬೇಕು. ವಾಟರ್ ಪಾರ್ಕ್ ಎಲ್ಲೇ ಇರಲಿ, ತಡವಾಗಿ ಹೋಗುವ ಟಿಕೆಟ್‌ಗೆ ಯಾರಾದರೂ ರಿಯಾಯಿತಿ ಕೊಟ್ಟರೆ ಕೇಳಬೇಕಾದ ಪ್ರಶ್ನೆ ಒಂದೇ: ಕೊಳ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ? ಪಾರ್ಕ್ ಮುಚ್ಚುವ ಹೊತ್ತು ಬೇರೆ, ನೀರು ನಿಲ್ಲಿಸುವ ಹೊತ್ತು ಬೇರೆ.